ಪರರ ಕೂಸನ್ನು ಆಡಿಸುವಾಕೆಯ ಬಾಣಂತನ

ಶಿಕಾರಿಪುರದಿಂದ ಉಪಾಧ್ಯಾಯ ಮಹನೀಯರೊಬ್ಬರು ನಮಗೊಂದು ಪತ್ರವನ್ನು ಬರೆದು, ಅದನ್ನು ಸಾರ್ವಜನಿಕರ ಅಹವಾಲುಗಳ ಅಂಕಣದಲ್ಲಿ ಪ್ರಕಟಿಸಬೇಕೆಂದು ಕೋರಿದ್ದಾರೆ. ಅವರ ಪತ್ನಿಯವರೂ ಸರ್ಕಾರಿ ನೌಕರಿಯಲ್ಲಿರತಕ್ಕವರು. ಎರಡು ವರ್ಷ ಪ್ರಾಯದ ಮಗಳನ್ನು ಬೆಳಿಗ್ಗೆ ಒಂಬತ್ತೂವರೆಗೆ ತಮ್ಮ ಬೀದಿಯ ಕೊನೆಯ ಮನೆಯೊಂದರಲ್ಲಿ ಬಿಟ್ಟು, ಸಂಜೆ ಕಚೇರಿ ಮುಗಿದ ಮೇಲೆ ಕರೆತರುವುದು ಅವರ ವಾಡಿಕೆ. ಆ ಮನೆಯ ಗೃಹಿಣಿಯು ಇಂತಹ ಐದಾರು ಮಕ್ಕಳನ್ನು ತಿಂಗಳ ಹಣದ ಮೇಲೆ ನೋಡಿಕೊಳ್ಳುತ್ತಾರಂತೆ. ಈಗ ಆಕೆಗೇ ಏಳು ತಿಂಗಳು ತುಂಬಿದೆ. ‘ಬರುವ ಒಂದನೆಯ ತಾರೀಖಿನಿಂದ ಮಗುವನ್ನು ತರಬೇಡಿ, ನಾನು ತವರಿಗೆ ಹೊರಡುತ್ತೇನೆ’ ಎಂದು ಹದಿನೈದು ದಿನ ಮುಂಚೆ ಮಾತ್ರ ತಿಳಿಸಿದರಂತೆ. ಇಷ್ಟು ಅಲ್ಪಾವಕಾಶದಲ್ಲಿ ಗೃಹಸ್ಥರು ಏನು ಮಾಡಬೇಕು, ಇದಕ್ಕೆ ನಿಯಮವೆಂಬುದೇ ಇಲ್ಲವೇ ಎಂಬುದು ಪತ್ರದ ತಾತ್ಪರ್ಯ.

ಪತ್ರವನ್ನು ನಾವು ಪ್ರಕಟಿಸಲಿಲ್ಲ. ಮೊದಲ ಓದಿಗೆ ಅದು ನ್ಯಾಯವಾಗಿಯೇ ಕಂಡಿತೆಂಬುದನ್ನು ಒಪ್ಪಿಕೊಳ್ಳುತ್ತೇವೆ. ಎರಡನೆಯ ಓದಿಗೆ ಒಂದು ಅಂಶ ಕಣ್ಣಿಗೆ ಬಿತ್ತು. ಪತ್ರದುದ್ದಕ್ಕೂ ತಮ್ಮ ಪತ್ನಿಯನ್ನು ‘ಅವರು’ ಎಂದೂ, ತಮ್ಮ ಮಗಳನ್ನು ದಿನಕ್ಕೆ ಎಂಟು ತಾಸು ಎತ್ತಿ ಆಡಿಸುವ ಗೃಹಿಣಿಯನ್ನು ‘ಅವಳು’ ಎಂದೂ ಪತ್ರಕರ್ತರು ಬರೆದಿದ್ದಾರೆ. ಬೇಕೆಂದು ಬರೆದುದಲ್ಲ, ಲೇಖನಿಯ ಅಭ್ಯಾಸ. ನಿಯಮದ ವಿಷಯವೂ ಹೆಚ್ಚುಕಡಿಮೆ ಹಾಗೆಯೇ ಇದೆ. ನಿಯಮಗಳು ಇಲ್ಲದೆ ಇಲ್ಲ. ಅವು ಪತ್ರ ಬರೆದವರ ಮನೆಗೆ ಉಂಟು, ಬೀದಿಯ ಕೊನೆಯ ಮನೆಗೆ ಇಲ್ಲ.

ಸರ್ಕಾರಿ ನೌಕರಿಯ ಸ್ತ್ರೀಗೆ ಇಬ್ಬರು ಮಕ್ಕಳವರೆಗೆ 180 ದಿನಗಳ ಸಂಬಳಸಹಿತ ಹೆರಿಗೆ ರಜೆ ದೊರೆಯುತ್ತದೆ. ಅದಲ್ಲದೆ, 2021ರ ಮಾರ್ಚ್ 8ರ ಮಹಿಳಾ ದಿನದಂದು ಆಯವ್ಯಯವನ್ನು ಮಂಡಿಸುತ್ತ, ಶಿಕಾರಿಪುರದ ಪ್ರತಿನಿಧಿಗಳೇ ಆಗಿದ್ದ ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಮಕ್ಕಳ ಆರೈಕೆಗೆಂದೇ ಇನ್ನೂ ಆರು ತಿಂಗಳ ರಜೆಯನ್ನು ಘೋಷಿಸಿದರು. ಕಾರ್ಖಾನೆ, ಅಂಗಡಿ, ಖಾಸಗಿ ಕಚೇರಿಗಳ ಸ್ತ್ರೀಯರಿಗೆ 1961ರ ಪ್ರಸೂತಿ ಸೌಲಭ್ಯ ಕಾಯಿದೆ ಇತ್ತು. ಅದರ 12 ವಾರಗಳ ರಜೆಯನ್ನು 2017ರಲ್ಲಿ 26 ವಾರಗಳಿಗೆ ಏರಿಸಿದರು. ಐವತ್ತು ಮಂದಿ ದುಡಿಯುವ ಕಡೆ ಶಿಶುಪಾಲನಾ ಗೃಹವಿರಬೇಕೆಂದೂ ವಿಧಿಸಿದರು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ಈ ವಿಧಿಗಳನ್ನು ತನ್ನೊಳಗೆ ಸೇರಿಸಿಕೊಂಡಿದೆ. ಇವೆಲ್ಲವೂ ಸ್ತುತ್ಯವೇ. ಆದರೆ ಇವಕ್ಕೆಲ್ಲ ಒಬ್ಬ ಯಜಮಾನನು ಬೇಕು. ಸಂಬಳ ಕೊಡುವವನಿದ್ದರಲ್ಲವೇ ಸಂಬಳಸಹಿತ ರಜೆ! ತನ್ನ ಪಡಸಾಲೆಯಲ್ಲಿ ಚಾಪೆ ಹಾಸಿ ಆರು ಮಕ್ಕಳನ್ನು ಕೂರಿಸಿಕೊಂಡ ಗೃಹಿಣಿಗೆ ಯಜಮಾನರು ಯಾರು? ಆರು ಮಕ್ಕಳ ಆರು ತಂದೆತಾಯಿಯರೇ? ಹಾಗೆಂದು ಯಾರೂ ಒಪ್ಪರು.

ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಹೆರಿಗೆಯ ಮುಂಚೆ ಆರು ವಾರ, ತರುವಾಯ ಆರು ವಾರ ವಿಶ್ರಾಂತಿಯಿರಬೇಕೆಂಬ ಅಂತಾರಾಷ್ಟ್ರೀಯ ಒಡಂಬಡಿಕೆ ವಾಷಿಂಗ್ಟನ್ನಿನಲ್ಲಿ 1919ರಷ್ಟು ಹಿಂದೆಯೇ ಆಗಿತ್ತು. ಮುಂಬಯಿ ಶಾಸನ ಪರಿಷತ್ತಿನಲ್ಲಿ 1928ರಲ್ಲಿ ಪ್ರಸೂತಿ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾ. ಅಂಬೇಡ್ಕರರು ಅದನ್ನು ಬೆಂಬಲಿಸಿ, ತಾಯಿಯ ವಿಶ್ರಾಂತಿಯು ರಾಷ್ಟ್ರದ ಹಿತವೇ ಆದುದರಿಂದ ಅದರ ಭಾರದಲ್ಲಿ ಸರ್ಕಾರಕ್ಕೂ ಪಾಲಿರಬೇಕೆಂದು ವಾದಿಸಿದರು. 1929ರಲ್ಲಿ ಆ ಕಾಯಿದೆಯಾಯಿತು. ಮೈಸೂರಿನಲ್ಲಿ 1937ರಲ್ಲಿ ಆಯಿತು. ಸೊರಬದ ಗಡಿ ದಾಟಿದರೆ ಬನವಾಸಿ. ಆ ಕಾಲದಲ್ಲಿ ಅದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಂದರೆ ಒಂದೇ ಮಾತು, ಒಂದೇ ಬೆಳೆ, ಒಂದೇ ಮಳೆಯ ಸೀಮೆಯಲ್ಲಿ ಹೊಳೆಯ ಆಚೆಗೆ ಎಂಟು ವರ್ಷ ಮುಂಚೆ ಕಾನೂನು ಬಂತು, ಈಚೆಗೆ ಎಂಟು ವರ್ಷ ತಡವಾಗಿ ಬಂತು. ಆದರೆ ಎರಡೂ ಕಾಯಿದೆಗಳು ಕಾರ್ಖಾನೆಯ ಸ್ತ್ರೀಯರಿಗಾಗಿ ಆದವು. ಕಾರ್ಖಾನೆಯೇ ಇಲ್ಲದ ಬನವಾಸಿಗೂ ಸೊರಬಕ್ಕೂ ಅವುಗಳಿಂದ ಆದ ಪ್ರಯೋಜನ ಒಂದೇ. ಅಂಬೇಡ್ಕರರು ಹೇಳಿದ ಸರ್ಕಾರದ ಪಾಲು ಎಂಬ ಮಾತನ್ನು ಅಂದೇ ಹಿಡಿದಿದ್ದರೆ ಇಂದು ಯಜಮಾನನಿಲ್ಲದ ದುಡಿಮೆಯವರಿಗೂ ಒಂದು ದಾರಿ ತೆರೆದಿರುತ್ತಿತ್ತು.

2008ರಲ್ಲಿ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯಿದೆಯಾದಾಗ ಸ್ವಂತ ಉದ್ಯೋಗದವರೂ, ಮನೆಯಲ್ಲಿದ್ದು ದುಡಿಯುವವರೂ ಆ ಹೆಸರಿನೊಳಗೆ ಬಂದರು. ಆರೋಗ್ಯ ಮತ್ತು ಪ್ರಸೂತಿ ಸೌಲಭ್ಯಕ್ಕೆ ಯೋಜನೆಗಳನ್ನು ಮಾಡತಕ್ಕದ್ದೆಂದು ಬರೆದದ್ದೂ ಆಯಿತು. ನಮ್ಮ ಗೃಹಿಣಿಯ ಕೈಗೆ ಇಂದು ನಿಜವಾಗಿ ಎಟುಕುವುದು ಮಾತೃವಂದನಾ ಯೋಜನೆಯ ಹಣ. ಚೊಚ್ಚಲು ಮಗುವಿಗೆ 5,000 ರೂಪಾಯಿ: ಗರ್ಭಿಣಿಯೆಂದು ನೋಂದಾಯಿಸಿ ಒಂದು ಪರೀಕ್ಷೆಯಾದ ಮೇಲೆ 3,000, ಜನನ ನೋಂದಣಿಯೂ ಮಗುವಿನ ಮೊದಲ ಸುತ್ತಿನ ಲಸಿಕೆಗಳೂ ಮುಗಿದ ಮೇಲೆ 2,000. ಎರಡನೆಯದು ಹೆಣ್ಣಾದರೆ 6,000 ಒಂದೇ ಕಂತಿನಲ್ಲಿ. ಬಡತನದ ರೇಖೆಯ ಕೆಳಗಿನವರ ಪಡಿತರ ಚೀಟಿ ಅಥವಾ ಇ-ಶ್ರಮ ಚೀಟಿ ಇದ್ದವರು ಇದಕ್ಕೆ ಅರ್ಹರು. ಅರ್ಜಿಗೆ ದೂರ ಹೋಗಬೇಕಾದುದಿಲ್ಲ, ಸಮೀಪದ ಅಂಗನವಾಡಿಯಲ್ಲಿ ವಿಚಾರಿಸಿದರಾಯಿತು. ತನ್ನ ದುಡಿಮೆಯೂ ದುಡಿಮೆಯೆಂದು ತಾನೇ ಎಣಿಸದ ಅನೇಕ ಗೃಹಿಣಿಯರು ಇ-ಶ್ರಮದಲ್ಲಿ ಹೆಸರು ಬರೆಸುವುದೇ ಇಲ್ಲ. ‘ನಾನೇನು ಕೂಲಿಯೇ?’ ಎಂಬ ಸಂಕೋಚವನ್ನು ಬಿಡಬೇಕು.

ಈಗ ಲೆಕ್ಕವನ್ನು ನೋಡೋಣ. ನಮ್ಮ ವಾಚಕರಲ್ಲಿ ಬಹುಮಂದಿ ಲೆಕ್ಕಪತ್ರ ಬಲ್ಲವರು, ತಪ್ಪಿದ್ದರೆ ತಿದ್ದಬಹುದು. ಉದಾಹರಣೆಗೆ ಆರು ಮಕ್ಕಳು, ತಲೆಗೆ 2,000 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಿಗೆ 12,000. ಹಾಲು, ಅನ್ನ, ಗ್ಯಾಸು, ಸಾಬೂನು, ಒಡೆದ ಆಟಿಕೆ ಎಲ್ಲಕ್ಕೂ 3,000 ಕಳೆದರೆ ಕೈಯಲ್ಲಿ ಉಳಿಯುವುದು 9,000. ಸರ್ಕಾರಿ ನೌಕರಳಂತೆ ಆರು ತಿಂಗಳು ಮನೆಯಲ್ಲಿದ್ದರೆ ನಷ್ಟ 54,000. ಗರ್ಭವು ನಿಶ್ಚಯವಾದ ಮೇಲೆ ಉಳಿಯುವ ಏಳು ತಿಂಗಳಲ್ಲಿ ಅಷ್ಟನ್ನು ಕೂಡಿಡಬೇಕಾದರೆ ತಿಂಗಳಿಗೆ 7,700ಕ್ಕೂ ಮಿಕ್ಕಿ ಎತ್ತಿಡಬೇಕು. ಸಂಸಾರಕ್ಕೆ ಉಳಿಯುವುದು 1,300! ಆದುದರಿಂದ ಬಸುರಾದ ಮೇಲೆ ಯೋಚಿಸುವೆನೆಂಬುದು ಯೋಚನೆಯೇ ಅಲ್ಲ. ಮಗು ಬೇಕೆಂದು ದಂಪತಿಗಳು ನಿಶ್ಚಯಿಸಿದ ದಿನದಿಂದಲೇ ತಿಂಗಳಿಗೆ 1,500ರಂತೆ ಎತ್ತಿಟ್ಟರೆ ವರ್ಷಕ್ಕೆ 18,000 ಆಯಿತು. ಮಾತೃವಂದನೆಯ 5,000 ಕೂಡಿಸಿದರೆ 23,000. ಇನ್ನುಳಿದುದು ತಂದೆತಾಯಿಯರ ಕೈಯಲ್ಲಿದೆ. ತಮ್ಮ ಮಗುವಿನ ಸ್ಥಳವನ್ನು ಕಾಯ್ದಿಡುವುದಕ್ಕಾಗಿ ಅವರು ಹಣದ ನಾಲ್ಕನೆಯ ಒಂದು ಪಾಲು, ಎಂದರೆ ತಿಂಗಳಿಗೆ 500 ರೂಪಾಯಿಯನ್ನು, ನಾಲ್ಕು ತಿಂಗಳು ಕೊಟ್ಟರೆ ಆರು ಮನೆಗಳಿಂದ 12,000. ಒಟ್ಟು 35,000. ಇದು ಆಕೆಯ ಸುಮಾರು ನಾಲ್ಕು ತಿಂಗಳ ಗಳಿಕೆ. ಹೆರಿಗೆಗೆ ಒಂದು ತಿಂಗಳು ಮುಂಚೆ, ಮೂರು ತಿಂಗಳು ತರುವಾಯ ನಿಶ್ಚಿಂತೆಯಿಂದಿರಲು ಸಾಕು. ಮುಂದಿನ ಎರಡು ತಿಂಗಳು ಎರಡೋ ಮೂರೋ ದೊಡ್ಡ ಮಕ್ಕಳನ್ನು ಮಾತ್ರ ಅರ್ಧ ದಿನ ತೆಗೆದುಕೊಂಡು ನಡೆಸಬಹುದು. ಸಂಘದಲ್ಲಿ ಉಳಿತಾಯವಿದ್ದರೆ ಅದನ್ನು ತೆಗೆದುಕೊಳ್ಳಲಿ, ಆದರೆ ಬಾಣಂತನಕ್ಕಾಗಿ ಕಿರುಸಾಲದ ಕಂಪೆನಿಗಳ ಬಾಗಿಲಿಗೆ ಹೋಗುವುದು ಬೇಡ. ಅವರ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರದವರು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತೆಂಬುದನ್ನು ವಾಚಕರು ಮರೆತಿರಲಾರರು.

‘ಮಗುವನ್ನು ಬೇರೆ ಕಡೆ ಬಿಟ್ಟು ಅಲ್ಲಿಗೂ ಹಣ, ಇಲ್ಲಿಗೂ ಹಣ ಕೊಡಬೇಕೇ?’ ಎಂದು ಕೇಳುವವರಿದ್ದಾರೆ. ಬೇಸಿಗೆಯ ರಜೆಯಲ್ಲಿ ಓಡದ ಶಾಲಾ ವಾಹನಕ್ಕೂ ಅನೇಕರು ಬಾಡಿಗೆ ಕೊಡುತ್ತಾರೆ, ಜೂನ್ ತಿಂಗಳಲ್ಲಿ ಮಗುವಿಗೆ ಸ್ಥಳ ತಪ್ಪೀತೆಂಬ ಭಯಕ್ಕೆ. ಆ ಭಯಕ್ಕೆ ಬೆಲೆಯುಂಟು, ಈ ವಿಶ್ವಾಸಕ್ಕೆ ಬೆಲೆಯಿಲ್ಲವೇ? ಹದಿನೈದು ದಿನದ ಅಲ್ಪಾವಕಾಶದ ಗುಟ್ಟೂ ಇಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ. ಆಕೆ ನಾಲ್ಕನೆಯ ತಿಂಗಳಲ್ಲೇ ಸುದ್ದಿಯನ್ನು ತಿಳಿಸಿದ್ದರೆ ಏನಾಗುತ್ತಿತ್ತು? ಆರು ಮನೆಯವರೂ ಅಂದಿನಿಂದಲೇ ಬೇರೆ ಮನೆಯನ್ನು ಹುಡುಕುತ್ತಿದ್ದರು. ಐದನೆಯ ತಿಂಗಳಿಗೆ ಇಬ್ಬರು, ಆರನೆಯದಕ್ಕೆ ಮತ್ತಿಬ್ಬರು ಮಕ್ಕಳು ಹೋಗುತ್ತಿದ್ದರು. ಹೆರಿಗೆಗೆಂದು ಕೂಡಿಡಬೇಕಾದ ತಿಂಗಳುಗಳಲ್ಲೇ ಗಳಿಕೆ ಬತ್ತುತ್ತಿತ್ತು. ಸೀರೆಯ ಸೆರಗು ಮುಚ್ಚಿಟ್ಟಷ್ಟು ದಿನ ಬಾಯಿಯೂ ಮುಚ್ಚಿತ್ತು, ಅಷ್ಟೆ. ಮೋಸವೆಂದು ಇದನ್ನು ಕರೆಯಲು ನಮಗೆ ಮನಸ್ಸು ಬಾರದು. ಮುಂಚಿತವಾಗಿ ತಿಳಿಸಿದವರಿಗೆ ನಷ್ಟವಾಗದೆಂಬ ಭರವಸೆ ಇದ್ದರೆ ಮಾತ್ರ ಮುಂಚಿತವಾಗಿ ತಿಳಿಸಬೇಕೆಂದು ಕೇಳುವ ಹಕ್ಕು ಉಂಟು. ಮಗುವನ್ನು ಸೇರಿಸುವ ದಿನವೇ ಒಂದು ಹಾಳೆಯ ಮೇಲೆ ಇದನ್ನು ಬರೆದುಕೊಳ್ಳಬಹುದು: ಹೆರಿಗೆ ಮೊದಲಾದ ದೀರ್ಘ ವಿರಾಮವಿದ್ದರೆ ಮೂರು ತಿಂಗಳು ಮುಂಚೆ ಆಕೆ ತಿಳಿಸತಕ್ಕದ್ದು, ತಿಳಿಸಿದ ಕಾರಣಕ್ಕೆ ಇವರು ಮಗುವನ್ನು ಬಿಡಿಸತಕ್ಕದ್ದಲ್ಲ, ವಿರಾಮದಲ್ಲಿ ಇಷ್ಟು ಹಣ. ಮುದ್ರಾಂಕದ ಕಾಗದವೇನೂ ಬೇಕಾಗಿಲ್ಲ.

ಕಾಲದ ವಿಷಯವನ್ನೂ ಹೇಳಬೇಕು. ಹೆರಿಗೆಯನ್ನು ಪಂಚಾಂಗ ನೋಡಿ ಗೊತ್ತುಮಾಡಲಾಗದು. ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ಗೊತ್ತುಮಾಡಬಹುದು. ಜೂನ್ ತಿಂಗಳಲ್ಲಿ ಮೂರು ತುಂಬಿದವರು ಅಂಗನವಾಡಿಗೋ ಶಿಶುವಿಹಾರಕ್ಕೋ ಹೋಗುತ್ತಾರೆ. ಆಗ ತೆರವಾದ ಸ್ಥಳಕ್ಕೆ ಹೊಸ ಕೈಗೂಸನ್ನು ತೆಗೆದುಕೊಳ್ಳದೆ ಬಿಟ್ಟರೆ ಅರ್ಧ ಭಾರವು ತಾನಾಗಿ ಇಳಿಯುತ್ತದೆ. ಸೊರಬದ ಕಡೆ ಕಷ್ಟದ ಕಾಲವೆಂದರೆ ಅಡಿಕೆಯ ಸುಗ್ಗಿ. ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿಯವರೆಗೆ ಸುಲಿಯುವ ಕೆಲಸಕ್ಕೆ ಹೆಂಗಸರು ಹೊತ್ತಿಲ್ಲದ ಹೊತ್ತಿನಲ್ಲಿ ಹೋಗುತ್ತಾರೆ; ಕೂಸುಗಳನ್ನು ಯಾರ ಮನೆಯಲ್ಲಾದರೂ ಮಲಗಿಸಿ ಹೋಗಲೇಬೇಕು. ಶಿಕಾರಿಪುರದ ಸೀಮೆಯಲ್ಲಿ ಅದೇ ಕಾಲಕ್ಕೆ ಮೆಕ್ಕೆಜೋಳದ ಕಟಾವು. ಆ ತಿಂಗಳುಗಳಲ್ಲಿ ಹೆರಿಗೆ ಬರುವಂತಿದ್ದರೆ ಬದಲಿಯಾಕೆಯನ್ನು ಮಳೆಗಾಲದಲ್ಲೇ ಗೊತ್ತುಮಾಡಿಕೊಳ್ಳಬೇಕು. ಸುಗ್ಗಿಯಲ್ಲಿ ಹುಡುಕಿದರೆ ಯಾರೂ ಸಿಕ್ಕರು.

ಬದಲಿಯಾಕೆ ಯಾರಾಗಬಹುದು? ಅತ್ತಿಗೆ, ನಾದಿನಿ, ಮಕ್ಕಳು ದೊಡ್ಡವರಾದ ನೆರೆಮನೆಯ ಅಮ್ಮ. ಯಾರೇ ಆಗಲಿ, ಎರಡು ತಿಂಗಳು ಮುಂಚಿನಿಂದಲೇ ದಿನಕ್ಕೆ ಒಂದೆರಡು ತಾಸು ಬಂದು ಕೂತು ಮಕ್ಕಳಿಗೆ ಪರಿಚಿತರಾಗಬೇಕು. ಎರಡು ವರ್ಷದ ಮಗುವು ಒಡಂಬಡಿಕೆಯ ಹಾಳೆಯನ್ನು ಓದಲಾರದು. ಅದಕ್ಕೆ ಮುಖವೇ ಪ್ರಮಾಣ. ತವರಿಗೆ ಹೋಗುವುದಾದರೆ ಮನೆಯೂ ಇಲ್ಲ, ಆಕೆಯೂ ಇಲ್ಲ. ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕೆಂಬ ಪದ್ಧತಿಯನ್ನು ನಾವು ಬಿಡಿಸಹೋಗುವುದಿಲ್ಲ. ತಾಯಿಯ ಕೈಯ ಎಣ್ಣೆನೀರು ಯಾವ ಯೋಜನೆಯಲ್ಲಿಯೂ ಸಿಕ್ಕುವುದಿಲ್ಲ. ಆದರೆ ತಾಯಿಯೇ ಮಗಳ ಮನೆಗೆ ಬಂದಿದ್ದು ಬಾಣಂತನ ಮಾಡುವುದೂ ಈಚೆಗೆ ಅಪರೂಪವಲ್ಲ. ಹಾಗಾದರೆ ಮೂರು ತಿಂಗಳ ತರುವಾಯ ಕೆಲಸವು ಸುಲಭವಾಗಿ ಮತ್ತೆ ಕೈಹಿಡಿಯುತ್ತದೆ.

ದೇಹದ ಮಾತನ್ನು ವೈದ್ಯರು ಹೇಳಬೇಕು. ಆದರೂ ಈ ಕಸುಬಿಗೆ ವಿಶೇಷವಾದ ಎರಡು ಸಂಗತಿಗಳನ್ನು ಹೇಳದೆ ಬಿಡಲಾಗದು. ಒಂದು, ಎತ್ತುವ ಭಾರ. ಎರಡು ವರ್ಷದ ಮಗುವೆಂದರೆ ಹತ್ತು ಹನ್ನೊಂದು ಕಿಲೋ. ದಿನಕ್ಕೆ ಇಪ್ಪತ್ತು ಸಲ ಎತ್ತಿ ಇಳಿಸುವುದು ಗದ್ದೆಯ ಕೆಲಸಕ್ಕೆ ಕಡಿಮೆಯಲ್ಲ. ಸಿಸೇರಿಯನ್ ಆದವರು ಕಡೆಯ ಪಕ್ಷ ಆರು ವಾರ ತಮ್ಮ ಕೂಸಿಗಿಂತ ಭಾರವಾದುದನ್ನು ಎತ್ತತಕ್ಕದ್ದಲ್ಲ. ಮತ್ತೊಂದು, ಮಕ್ಕಳ ಜ್ವರಗಳು. ರುಬೆಲ್ಲಾ, ಸೀತಾಳೆ ಸಿಡುಬು ಮಕ್ಕಳಿಗೆ ಬಂದು ಹೋಗುವ ಸಾಮಾನ್ಯ ರೋಗಗಳಾದರೂ ಗರ್ಭದ ಶಿಶುವಿಗೆ ಅಪಾಯಕರ. ದಡಾರ ಮತ್ತು ರುಬೆಲ್ಲಾ ಲಸಿಕೆಯನ್ನು ಮೊದಲು ಆರಂಭಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2017ರ ಫೆಬ್ರವರಿಯಲ್ಲಿ. ಆಗಲೇ ಪ್ರಾಪ್ತ ವಯಸ್ಕರಾಗಿದ್ದವರಿಗೆ ಅದು ಸಿಕ್ಕಿರಲಾರದು. ಬಸುರಾದ ಮೇಲೆ ಅದನ್ನು ಕೊಡುವುದೂ ಇಲ್ಲ. ಆದಕಾರಣ ಮುಂಚೆಯೇ ವೈದ್ಯರನ್ನು ಕೇಳಬೇಕು. ಮೈಮೇಲೆ ಗುಳ್ಳೆಯೆದ್ದ ಮಗುವನ್ನು ‘ಒಂದು ದಿನಕ್ಕೇನಂತೆ’ ಎಂದು ಬಿಟ್ಟುಹೋಗುವ ತಂದೆತಾಯಿಯರು ಆಕೆ ಬಸುರಿಯೆಂಬುದನ್ನು ನೆನೆಯಬೇಕು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಆದುದರಿಂದ ಬೇಸಿಗೆಯ ಜ್ವರವೆಂದರೆ ಈ ಕಡೆ ಜನ ಬೆಚ್ಚುತ್ತಾರೆ. ಅದು ಉಣ್ಣೆಯಿಂದ ಬರುವುದು, ಮನುಷ್ಯರಿಂದ ಮನುಷ್ಯರಿಗೆ ಹರಡದು. ಕಾಡಂಚಿನಿಂದ ತಂದ ತರಗೆಲೆ, ಸೌದೆಗಳನ್ನು ಮಕ್ಕಳಾಡುವ ಅಂಗಳದಲ್ಲಿ ರಾಶಿ ಹಾಕದಿದ್ದರೆ ಒಳ್ಳೆಯದು.

ಮನೆಯಲ್ಲಿ ಮಕ್ಕಳನ್ನು ಸಾಕುವಾಕೆಗಿಂತ ಒಂದು ಮೆಟ್ಟಿಲು ಮೇಲಿರುವವರು ಅಂಗನವಾಡಿಯ ಕಾರ್ಯಕರ್ತೆಯರು. ಈ ಏರ್ಪಾಡು ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದ ಮೊದಲ ಪ್ರಯೋಗ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಅವರಿಗೆ ಗೌರವಧನಸಹಿತ 180 ದಿನಗಳ ಹೆರಿಗೆ ವಿರಾಮವುಂಟು. ಅವರು ಸರ್ಕಾರಿ ಹುದ್ದೆಯಲ್ಲಿರುವವರಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಹೇಳಿದ್ದು ಕರ್ನಾಟಕದ ಅಮೀರಬಿ ಮೊಕದ್ದಮೆಯಲ್ಲೇ; ಅದೇ ನ್ಯಾಯಾಲಯ 2022ರಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಅವರಿಗೆ ಉಪದಾನದ ಹಕ್ಕುಂಟೆಂದಿತು. ಹಕ್ಕು ಹೀಗೆ ತುಂಡುತುಂಡಾಗಿ ಬರುತ್ತದೆ. ಆದರೆ ಅವರ ವಿರಾಮದಲ್ಲಿ ಕೇಂದ್ರವನ್ನು ನಡೆಸುವವರು ಯಾರು? ಸಹಾಯಕಿಯಿದ್ದರೆ ಅಡಿಗೆ, ಪಾಠ, ದಾಖಲೆ ಮೂರೂ ಆಕೆಯ ತಲೆಗೆ. ಚದುರಿದ ಮನೆಗಳ ಮಲೆನಾಡಿನ ಚಿಕ್ಕ ಹಳ್ಳಿಗಳಿಗೆಂದು ಮಾಡಿದ ಮಿನಿ ಅಂಗನವಾಡಿಗಳಲ್ಲಿ ಸಹಾಯಕಿಯೂ ಇರಲಿಲ್ಲ. 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆಯಿಂದ ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಬಿಸಿಯೂಟ ಆರಂಭವಾದಾಗ, ಊಟ ಬಡಿಸುವಾಕೆಯೇ ತುಂಬುಬಸುರಿಯಾದರೆ ಏನು ಮಾಡುವುದೆಂದು ಆದೇಶ ಬರೆದವರು ಯೋಚಿಸಿದ್ದರೆಂದು ನಮಗೆ ತೋರುವುದಿಲ್ಲ. 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ಸರ್ಕಾರ ಹೊರಟಾಗ ಹಳ್ಳಿಯ ಹೆಂಗಸರಿಗೇ ತರಬೇತಿಯಿತ್ತು ಆರೈಕೆದಾರರನ್ನಾಗಿ ಮಾಡಿದ್ದು ಒಳ್ಳೆಯ ಉಪಾಯ. ಹೀಗೆ ತರಬೇತಿ ಪಡೆದವರ ಹೆಸರುಗಳು ಪಂಚಾಯಿತಿಯಲ್ಲಿವೆ. ಬಾಣಂತಿಯಾದ ಗೃಹಿಣಿಯ ಬದಲಿಗೆ ನಾಲ್ಕು ತಿಂಗಳು ನಿಲ್ಲಬಲ್ಲವರು ಆ ಪಟ್ಟಿಯಲ್ಲೇ ಇರಬಹುದು. ಪುರಸಭೆಯವರು ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವವರ ಹೆಸರುಗಳನ್ನೂ ಬರೆದಿಟ್ಟುಕೊಂಡು ಈ ಎರಡು ಪಟ್ಟಿಗಳನ್ನು ಒಂದು ಮೇಜಿನ ಮೇಲೆ ತಂದರೆ ಹೆಚ್ಚಿನ ದ್ರವ್ಯವೇ ಬೇಕಾಗುವುದಿಲ್ಲ.

ಬಳ್ಳಿಗಾವೆಗೆ ಅತಿಥಿಗಳನ್ನು ಕರೆದೊಯ್ದು, ಕೋಡಿಯಮಠದಲ್ಲಿ ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುತ್ತಿದ್ದರೆಂಬ 1162ರ ಶಾಸನವನ್ನು ತೋರಿಸುವುದು ನಮ್ಮ ಅಧಿಕಾರಿಗಳಿಗೆ ಪ್ರಿಯವಾದ ಕಾರ್ಯ. ಈಸೂರಿನ ಐವರು 1943ರ ಮಾರ್ಚಿಯಲ್ಲಿ ಗಲ್ಲಿಗೇರಿದುದನ್ನು ನಾವು ವರ್ಷ ವರ್ಷವೂ ಸ್ಮರಿಸುತ್ತೇವೆ, ಸ್ಮರಿಸಲೇಬೇಕು. ಆ ದಿನಗಳಲ್ಲಿ ಗಂಡಸರೊಡನೆ ಹೆಂಗಸರೂ ಸೆರೆ ಸೇರಿದರು. ಅವರ ಕೂಸುಗಳನ್ನು ಯಾರು ಮಡಿಲಲ್ಲಿಟ್ಟುಕೊಂಡರೆಂದು ನಾವು ಕೇಳಿದ್ದುಂಟೇ?

ಪತ್ರ ಬರೆದ ಉಪಾಧ್ಯಾಯರಿಗೆ ಪ್ರತ್ಯೇಕವಾಗಿ ಉತ್ತರ ಬರೆದಿದ್ದೇವೆ. ಅವರ ಪತ್ನಿಯವರಿಗೆ ಮಗುವಿಗೆ 18 ವರ್ಷ ತುಂಬುವವರೆಗೆ ಸಲ್ಲುವ ಆರೈಕೆಯ ರಜೆಯಲ್ಲಿ ಒಂದು ಭಾಗವನ್ನು ಈ ತಿಂಗಳುಗಳಿಗೆ ಉಪಯೋಗಿಸಿಕೊಳ್ಳಬಹುದೇ ಎಂದು ಕಚೇರಿಯಲ್ಲಿ ವಿಚಾರಿಸಲು ಸೂಚಿಸಿದ್ದೇವೆ. ಆಕೆ ತವರಿಗೆ ಹೊರಡುವ ಮುನ್ನ ನಾಲ್ಕು ತಿಂಗಳ ಪಾಲಿನ 2,000 ರೂಪಾಯಿಯನ್ನು ಅರಿಶಿನ ಕುಂಕುಮದೊಡನೆ ಕೊಟ್ಟುಬರಬೇಕೆಂದೂ, ಮಾತೃವಂದನೆಯ ಅರ್ಜಿ ಹಾಕಿದ್ದಾರೆಯೇ ಎಂದು ಕೇಳಬೇಕೆಂದೂ, ಹಾಕಿರದಿದ್ದರೆ ಬರೆಯಲು ತಾವೇ ಕುಳಿತುಕೊಳ್ಳಬೇಕೆಂದೂ ಬರೆದಿದ್ದೇವೆ. ಅವರ ಉತ್ತರ ಇನ್ನೂ ಬಂದಿಲ್ಲ.